ಕಾಲೂರಿದರೆ ಒಂದು, ನಿಂತರೆ ಐದು

ಮದ್ದೂರು

ಗದ್ದೆಯ ಬದುವಿನ ಮೇಲೆ ಮೋಟಾರ್ ಸೈಕಲ್ ಬಿಡುವುದು ಒಂದು ಆಟ, ಅದಕ್ಕೆ ನಿಯಮಗಳಿವೆ, ತೀರ್ಪು ಹೇಳುವವರಿದ್ದಾರೆ, ಗೆದ್ದವರಿಗೆ ಬೆಳ್ಳಿ ಬಟ್ಟಲು ಕೊಡುತ್ತಾರೆ ಎಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಆತಗೂರಿನ ಪಕ್ಕದ ಸಿದ್ದೇಗೌಡನಿಗಂತೂ ಗೊತ್ತಿರಲಿಲ್ಲ. ಅವನು ಬದುವಿನ ಮೇಲೆ ಗಾಡಿ ಬಿಡುತ್ತಿದ್ದದ್ದು ಪಂಪ್‌ಸೆಟ್ಟಿನ ಮನೆಗೆ ಬೇರೆ ದಾರಿ ಇಲ್ಲ ಎಂಬ ಒಂದೇ ಕಾರಣಕ್ಕೆ.

ಸಿದ್ದೇಗೌಡನೂ ನಾನೂ ಮದ್ದೂರಿನ ಮಿಡ್ಲ್‌ಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ಭತ್ತ, ಕಬ್ಬು ಎಂದು ಊರಿನಲ್ಲೇ ಉಳಿದ. ನಾನು ಮಳವಳ್ಳಿಯಿಂದ ಬಂದು ಮದ್ದೂರಿನಲ್ಲಿ ನೆಲೆಸಿದ ಪುರೋಹಿತರ ಮನೆಯವನು. ಮಂತ್ರ ಹತ್ತದೆ ಮಂಡ್ಯದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಒಂದು ಇಂಗ್ಲಿಷ್ ಗಾಡಿ ಕೈಯಿಂದ ಕೈಗೆ ಬಂದು ಸಿದ್ದೇಗೌಡನ ಕೊಟ್ಟಿಗೆ ಸೇರಿತ್ತು. ಅದನ್ನು ಅವನು ತನಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದ. ನಾಲೆಯ ನೀರು ನುಗ್ಗುತ್ತದೆಂದು ಸೈಲೆನ್ಸರನ್ನು ತಿರುಗಿಸಿ ಸೀಟಿನ ಎತ್ತರಕ್ಕೆ ಕಟ್ಟಿದ್ದ. ಕೆಸರು ಕಚ್ಚಿಕೊಳ್ಳುತ್ತದೆಂದು ಮುಂದಿನ ಮಡ್‌ಗಾರ್ಡನ್ನು ಚಕ್ರದಿಂದ ಒಂದು ಗೇಣು ಮೇಲಕ್ಕೆತ್ತಿದ್ದ. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ಟು ಹಾಕಿಸಿದ್ದರಿಂದ ಆ ಗಾಡಿ ಮನುಷ್ಯ ನಡೆಯುವಷ್ಟೇ ನಿಧಾನವಾಗಿ, ಆದರೆ ನಿಲ್ಲದೆ ಹೋಗುತ್ತಿತ್ತು. ಅದರಲ್ಲಿ ಮಂಡ್ಯಕ್ಕೆ ಬರುವುದೆಂದರೆ ಅರ್ಧ ದಿನದ ಕೆಲಸ, ಹಾಗಾಗಿ ಮಂಡ್ಯಕ್ಕೆ ಅವನು ಬಸ್ಸಿನಲ್ಲೇ ಬರುತ್ತಿದ್ದ.

ಇದನ್ನು ನೋಡಿದವನು ವಾಲ್ಟರ್. ಸಕ್ಕರೆ ಕಾರ್ಖಾನೆಗೆ ಟರ್ಬೈನು ಕೂರಿಸಲು ಇಂಗ್ಲೆಂಡಿನಿಂದ ಬಂದಿದ್ದ ಫಿಟ್ಟರು, ಆಗಲೇ ಅರವತ್ತು ದಾಟಿದವನು. ಭಾನುವಾರ ಸುತ್ತಾಡಿಸಲು ಇಂಗ್ಲಿಷ್ ಬಲ್ಲವರು ಬೇಕೆಂದು ನನ್ನನ್ನು ಅವನಿಗೆ ಗಂಟುಹಾಕಿದ್ದರು. ಒಂದು ಭಾನುವಾರ ಸಿದ್ದೇಗೌಡ ಡೀಸೆಲ್ ಡಬ್ಬವನ್ನು ಟ್ಯಾಂಕಿನ ಮೇಲಿಟ್ಟುಕೊಂಡು, ಎರಡು ಕಡೆಯೂ ಆಗಷ್ಟೇ ನಾಟಿಯಾಗಿದ್ದ ಗದ್ದೆಯ ನಡುವೆ, ಒಂದಡಿ ಅಗಲದ ಬದುವಿನ ಮೇಲೆ ಬರುತ್ತಿದ್ದ. ವಾಲ್ಟರ್ ಅವನ ಹಿಂದೆಯೇ ಪಂಪ್‌ಸೆಟ್ಟಿನವರೆಗೆ ನಡೆದು, ಕೆಸರಿನಲ್ಲಿ ಮಂಡಿಯೂರಿ ಸೈಲೆನ್ಸರ್ ಕಟ್ಟಿದ ರೀತಿ ನೋಡಿದ. ಕಾಲು ಊರದೆ ಬಿಡುವುದನ್ನು ಯಾರು ಕಲಿಸಿದರು ಎಂದು ಕೇಳಿದ. ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದೆ.

"ಯಾರ್ ಕಲಿಸ್ತಾರೆ? ಕಾಲ್ ಊರಿದ್ರೆ ಪಕ್ಕದೋನ್ ಪೈರ್ ಮ್ಯಾಲ್ ಬೀಳ್ತದೆ. ಆಮ್ಯಾಕೆ ಅವ್ನು ಸುಮ್ಕೆ ಬುಟ್ಟಾನಾ?" ಎಂದ ಸಿದ್ದೇಗೌಡ.

ವಾಲ್ಟರ್ ಊರಿಗೆ ಹೋದ. ಎರಡು ವರ್ಷದ ಮೇಲೆ, ಎಮರ್ಜೆನ್ಸಿ ಮುಗಿದ ವರ್ಷ, ನನ್ನ ವಿಳಾಸಕ್ಕೆ ಅವನ ಕಾಗದ ಬಂತು. ಅದರ ಸಾರಾಂಶ ಇಷ್ಟು. ಅವನ ಸೀಮೆಯ ಹೆಸರು ಯಾರ್ಕ್‌ಷೈರ್. ಅಲ್ಲಿನ ಕ್ಲಬ್ಬಿನವರು ವರ್ಷಕ್ಕೊಮ್ಮೆ ಟ್ರಯಲ್ಸ್ ಎಂಬ ಪಂದ್ಯ ನಡೆಸುತ್ತಾರೆ. ಅದಕ್ಕೂ ವೇಗಕ್ಕೂ ಸಂಬಂಧವಿಲ್ಲ. ಬಂಡೆ, ಕೆಸರು, ತೊರೆ ಇರುವ ಜಾಗಗಳಿಗೆ ಗುರುತು ನೆಟ್ಟಿರುತ್ತಾರೆ. ಅದರೊಳಗೆ ನೆಲಕ್ಕೆ ಕಾಲು ತಾಗಿಸದೆ ದಾಟಬೇಕು. ಕಾಲೂರಿದರೆ ಒಂದು ತಪ್ಪಂಕ, ಎಷ್ಟು ಸಲ ಊರಿದರೂ ಹೆಚ್ಚೆಂದರೆ ಮೂರು. ಗಾಡಿ ನಿಂತರೆ ಅಥವಾ ಬಿದ್ದರೆ ಐದು. ಕಡಿಮೆ ತಪ್ಪಿನವನು ಗೆದ್ದ. ಈಚೆಗೆ ಸ್ಪೇನ್ ದೇಶದಿಂದ ಹಗುರವಾದ ಗಾಡಿಗಳು ಬಂದು, ವಾಲ್ಟರ್ ಕಾಲದ ಭಾರದ ಗಾಡಿಗಳನ್ನು ಕೇಳುವವರಿಲ್ಲ. ಹಳೆಯ ಗಾಡಿಗಳಿಗೆಂದು ಒಂದು ಬೇರೆ ಗುಂಪನ್ನು ಇಷ್ಟು ದಿನ ಇಟ್ಟಿದ್ದರು. ಆ ಗಾಡಿಗಳು ಕೊನೆಯಲ್ಲಿ ಹೊರಟು ಎಲ್ಲರನ್ನೂ ಕಾಯಿಸುತ್ತವೆ ಎಂದು ಸಮಿತಿಯವರಿಗೆ ಬೇಸರ. ಈ ಸಲ ಒಂದಾದರೂ ಹಳೆಯ ಗಾಡಿ ಮೂವತ್ತು ತಪ್ಪು ದಾಟದೆ ಮುಗಿಸದಿದ್ದರೆ ಆ ಗುಂಪನ್ನೇ ತೆಗೆದುಹಾಕುವುದೆಂದು ತೀರ್ಮಾನಿಸಿದ್ದಾರೆ. ವಾಲ್ಟರ್ ಕೈಯಾರೆ ಕಟ್ಟಿದ ಗಾಡಿ ಶೆಡ್ಡಿನಲ್ಲಿದೆ, ಆದರೆ ಅವನ ಸೊಂಟದ ಕೀಲು ಹೋಗಿದೆ. ಅವನ ಊರಿನ ಮುದುಕರಿಗೆ ಶಕ್ತಿಯಿಲ್ಲ, ಯುವಕರಿಗೆ ನಿಧಾನವಿಲ್ಲ. ಸಿದ್ದೇಗೌಡ ಬರಬಹುದೇ?

ಕಾಗದವನ್ನು ಮದ್ದೂರಿನ ಹೋಟೆಲಿನಲ್ಲಿ ಓದಿ ಹೇಳಿದೆ. ಸಿದ್ದೇಗೌಡ ಕಾಫಿ ಲೋಟ ಕೆಳಗಿಟ್ಟು, "ನಾಟಿ ಮುಗಿದ್ ಮ್ಯಾಲಾದ್ರೆ ಓಗ್ಬೋದು. ನೀನ್ ಬಂದ್ರೆ ಬತ್ತೀನಿ ಕಣ್ಲಾ ಮೂರ್ತಿ. ಅವ್ರ್ ಮಾತು ನಂಗೆ, ನನ್ ಮಾತು ಅವ್ರ್‌ಗೆ ಏಳೋರ್ ಬೇಕಲ್ಲ" ಎಂದ. ಪಾಸ್‌ಪೋರ್ಟು, ಟಿಕೆಟ್ಟು ಹೇಗೆ ಹೊಂದಿದವು ಎಂದು ಬರೆಯಲು ಹೋದರೆ ಅದೇ ಒಂದು ಪುಸ್ತಕವಾಗುತ್ತದೆ. ಹೊಂದಿದವು.

ಲಂಡನ್ನಿನ ಸುಂಕದ ಕಟ್ಟೆ

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನನಗೆ ಭಯವಾಯಿತು, ಸಿದ್ದೇಗೌಡ ನಿದ್ದೆ ಮಾಡಿದ. ಎಚ್ಚರವಾದಾಗ ರೆಕ್ಕೆ ನೋಡಿ, "ರಿವಿಟ್ಟು ಚೆನ್ನಾಗಿ ಒಡದವ್ರೆ" ಎಂದು ಮತ್ತೆ ಮಲಗಿದ.

ಲಂಡನ್ನಿನಲ್ಲಿ ಸುಂಕದ ಅಧಿಕಾರಿ ಅವನ ಟ್ರಂಕು ತೆಗೆಸಿದ. ಎರಡು ಪಂಚೆ, ಒಂದು ಕಂಬಳಿ, ಸ್ಪ್ಯಾನರುಗಳ ಗಂಟು. ಅವುಗಳ ಅಡಿಯಲ್ಲಿ ಒಂದು ದೊಡ್ಡ ಕಪ್ಪು ಉಂಡೆ. ಹಳೆಯ ಸೈಕಲ್ ಟ್ಯೂಬುಗಳನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸುತ್ತಿದ್ದದ್ದು. ಮದ್ದೂರಿನ ಯಾವ ರಿಪೇರಿ ಅಂಗಡಿಗೆ ಹೋದರೂ ಮೊಳೆಗೆ ಇಂಥ ಪಟ್ಟಿ ನೇತಾಡುತ್ತಿರುತ್ತದೆ. ಕಟ್ಟಲು, ಬಿಗಿಯಲು, ಸೋರುವುದನ್ನು ನಿಲ್ಲಿಸಲು ಅದೇ ಬೇಕು. ಅಧಿಕಾರಿಗೆ ಇದು ಅರ್ಥವಾಗಲಿಲ್ಲ. ಎಳೆದು ನೋಡಿದ, ಮೂಸಿದ, ಇನ್ನೊಬ್ಬ ಅಧಿಕಾರಿಯನ್ನು ಕರೆದ. ಇದು ಏನು ಎಂದು ಕೇಳಿದ.

"ಟ್ಯೂಬು" ಎಂದೆ ನಾನು.

ಯಾವುದರ ಟ್ಯೂಬು? ಸೈಕಲ್ಲಿನದು. ಸೈಕಲ್ಲು ಎಲ್ಲಿ? ಮದ್ದೂರಿನಲ್ಲಿ. ಅಧಿಕಾರಿ ನನ್ನ ಮುಖವನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಸಿದ್ದೇಗೌಡ ಒಂದು ಪಟ್ಟಿ ಬಿಚ್ಚಿ, ಕೀಲು ಸಡಿಲವಾಗಿ ಅಲ್ಲಾಡುತ್ತಿದ್ದ ಆ ಅಧಿಕಾರಿಯ ಮೇಜಿನ ಕಾಲಿಗೆ ನಾಲ್ಕು ಸುತ್ತು ಸುತ್ತಿ ಬಿಗಿದ. ಮೇಜು ಅಲ್ಲಾಡುವುದು ನಿಂತಿತು. ನಮ್ಮನ್ನು ಬಿಟ್ಟರು.

ಈ ಘಟನೆಯಿಂದ ನನ್ನ ಇಂಗ್ಲಿಷಿನ ಮೇಲೆ ನನಗಿದ್ದ ಅಭಿಮಾನ ಸ್ವಲ್ಪ ಕಡಿಮೆಯಾಯಿತು.

ವಾಲ್ಟರನ ಶೆಡ್ಡು

ಉಳಿದ ಅಭಿಮಾನ ಯಾರ್ಕ್‌ಷೈರಿನಲ್ಲಿ ಹೋಯಿತು. ಆ ಊರಿನವರು ಆಡುವುದು ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿರುವ ಇಂಗ್ಲಿಷಲ್ಲ. ಮಂಡ್ಯದಲ್ಲಿ ವಾಲ್ಟರ್ ನನಗಾಗಿ ನಿಧಾನವಾಗಿ ಬಿಡಿಸಿ ಮಾತಾಡುತ್ತಿದ್ದನೆಂದು ಇಲ್ಲಿ ತಿಳಿಯಿತು. ಇಲ್ಲಿನವರಿಗೆ ಹಕಾರವೇ ಬರುವುದಿಲ್ಲ. ಹೌಸ್ ಎನ್ನುವುದಕ್ಕೆ ಔಸ್, ಹಾರ್ಸ್‌ಗೆ ಆರ್ಸ್. ನಮ್ಮ ಗೌಡ ಹಳ್ಳಿಗೆ ಅಳ್ಳಿ ಎನ್ನುವವನು, ಅವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎರಡನೆಯ ದಿನದ ಹೊತ್ತಿಗೆ ಅವನೂ ವಾಲ್ಟರನೂ ಶೆಡ್ಡಿನಲ್ಲಿ ಕೂತು, ಒಬ್ಬ ಕನ್ನಡದಲ್ಲಿ, ಒಬ್ಬ ಇಂಗ್ಲಿಷಿನಲ್ಲಿ, ಕಾರ್ಬೊರೇಟರಿನ ಬಗ್ಗೆ ವಾದ ಮಾಡುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ.

ವಾಲ್ಟರನ ಹೆಂಡತಿ ಎಡಿತ್ ಒಳ್ಳೆಯ ಹೆಂಗಸು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಮೊಟ್ಟೆ ಬೇಯಿಸಿದರು. ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದಾಗ ನನಗೆ ಹುಷಾರಿಲ್ಲವೆಂದು ತಿಳಿದು ಮರುದಿನದಿಂದ ಮೂರು ಹೊತ್ತೂ ಬೇಯಿಸಿದ ಆಲೂಗಡ್ಡೆ ಕೊಟ್ಟರು. ಸಿದ್ದೇಗೌಡ ಎಲ್ಲವನ್ನೂ ತಿಂದ, ಆದರೆ ಉಪ್ಪು ಖಾರ ಇಲ್ಲದ್ದಕ್ಕೆ ಮನಸ್ಸಿನಲ್ಲೇ ಕೊರಗಿದ.

ಗಾಡಿಯ ವಿಷಯ ಹೇಳಬೇಕು. ಐನೂರು ಸಿಸಿಯ ಒಂದೇ ಸಿಲಿಂಡರಿನ ಗಾಡಿ, ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲ. ವಾಲ್ಟರ್ ಅದರ ಕಬ್ಬಿಣದ ಟ್ಯಾಂಕು ಬಿಸಾಡಿ ಅಲ್ಯೂಮಿನಿಯಮ್ಮಿನದು ಮಾಡಿಕೊಂಡಿದ್ದ, ನಮ್ಮ ಮನೆಯ ಹಾಲಿನ ಪಾತ್ರೆಯಷ್ಟೇ ದೊಡ್ಡದು. ಕಾಲಿಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಿದ್ದ. ಹ್ಯಾಂಡಲಿನ ಎಡಗಡೆ ಒಂದು ಚಿಕ್ಕ ಲಿವರು. ಅದನ್ನು ಹಿಂದಕ್ಕೆಳೆದರೆ ಕಿಡಿ ತಡವಾಗಿ ಹತ್ತಿ, ಎಂಜಿನ್ನು ಒಂದೊಂದೇ ಏಟು ಎಣಿಸಬಹುದಾದಷ್ಟು ನಿಧಾನಕ್ಕೆ ಇಳಿಯುತ್ತಿತ್ತು. ಸಿದ್ದೇಗೌಡ ಆ ಲಿವರನ್ನು ಎಳೆದು, ಕಿವಿಕೊಟ್ಟು ಕೇಳಿ, "ಇದ್ ನಮ್ಮೂರ್ ಆಯಿಲ್ ಎಂಜಿನ್ ಇದ್ದಂಗೈತೆ. ಇದ್ನ ಬುಡಬೋದು" ಎಂದ. ವಾಲ್ಟರ್ ಅರ್ಥವಾದವನಂತೆ ತಲೆಯಾಡಿಸಿದ.

ಮಾರನೆಯ ಬೆಳಗ್ಗೆ ಒಂದು ಎಡವಟ್ಟಾಯಿತು. ಸಿದ್ದೇಗೌಡ ಎಲ್ಲರಿಗಿಂತ ಮುಂಚೆ ಎದ್ದು ಶೆಡ್ಡಿಗೆ ಹೋಗಿದ್ದಾನೆ. ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿದ್ದಾನೆ. ಎರಡೂ ಮೆತ್ತಗೆ. ಮುದುಕ ಪಾಪ, ಗಾಳಿ ಹೊಡೆಯಲೂ ಕೈಲಾಗದೆ ಬಿಟ್ಟಿದ್ದಾನೆ ಎಂದುಕೊಂಡು ಕಾಲಿನ ಪಂಪು ಹುಡುಕಿ ಬೆವರು ಬರುವಷ್ಟು ಗಾಳಿ ತುಂಬಿದ್ದಾನೆ. ವಾಲ್ಟರ್ ಕೋಲೂರಿಕೊಂಡು ಬಂದು ಟೈರು ಮುಟ್ಟಿ ನೋಡಿ, ವಾಲ್ವಿನ ಪಿನ್ನು ಒತ್ತಿ ಹಿಡಿದ. ಅಷ್ಟೂ ಗಾಳಿ ಸುಯ್ಯೆಂದು ಹೋಯಿತು. ಮೆತ್ತಗಿದ್ದರೆ ಟೈರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ, ಬಿಗಿಯಾಗಿದ್ದರೆ ಚೆಂಡಿನ ಹಾಗೆ ಪುಟಿಯುತ್ತದೆ ಎಂದು ವಿವರಿಸಿದ. ನಾನು ಕನ್ನಡದಲ್ಲಿ ಹೇಳಿದೆ.

"ಮೂವತ್ತ್ ವರ್ಸದಿಂದ ಗಾಡಿ ಬುಡ್ತಾ ಇವ್ನಿ, ಇದ್ ಒಳೀಲಿಲ್ವಲ್ಲಾ" ಎಂದು ಸಿದ್ದೇಗೌಡ ತನ್ನನ್ನು ತಾನೇ ಬೈದುಕೊಂಡ. ಆಮೇಲೆ ಹೊರಗೆ ಹೋಗಿ ಬಂಡೆಗಳ ಮೇಲೆ ಬಿಟ್ಟು ನೋಡಿ ಬಂದು, ಇನ್ನೂ ಸ್ವಲ್ಪ ಗಾಳಿ ತೆಗೆದ.

ಗುಡ್ಡದ ಮೇಲೆ

ಪಂದ್ಯದ ದಿನ ಸೋನೆಮಳೆ. ಮರವಿಲ್ಲದ ಗುಡ್ಡ, ಸುಣ್ಣ ಮಣ್ಣು ಯಾವುದೂ ಇಲ್ಲದೆ ಬರಿಯ ಕಲ್ಲು ಜೋಡಿಸಿದ ಗೋಡೆಗಳು, ಎಲ್ಲೆಲ್ಲೂ ಕುರಿ. ನೂರಾರು ಜನ ನೋಡಲು ಬಂದಿದ್ದರು. ನನಗೆ ಆಶ್ಚರ್ಯವಾದದ್ದು ಅವರ ಮೌನ. ನಮ್ಮ ಕಡೆ ಒಂದು ಲಾರಿ ಹಳ್ಳದಲ್ಲಿ ಸಿಕ್ಕಿಕೊಂಡರೆ ನೋಡುವವರೆಲ್ಲ ಡ್ರೈವರುಗಳಾಗುತ್ತಾರೆ. ಎಡಕ್ಕೆ ತಿರುಗಿಸು, ಬಲಕ್ಕೆ ಹೊಡೆ, ಹಿಂದಕ್ಕೆ ತಗೋ ಎಂದು ಹತ್ತು ಕಡೆಯಿಂದ ಹತ್ತು ಮಾತು. ಇಲ್ಲಿ ಸವಾರ ಬಂಡೆಯ ಮೇಲೆ ತೂಗಾಡುತ್ತಿದ್ದರೆ ಜನ ಫ್ಲಾಸ್ಕಿನ ಚಹಾ ಕುಡಿಯುತ್ತ ಮಳೆಯಲ್ಲಿ ಸುಮ್ಮನೆ ನಿಂತಿರುತ್ತಾರೆ. ಅದ್ಭುತವಾಗಿ ದಾಟಿದರೆ "ಪರವಾಗಿಲ್ಲ" ಎನ್ನುತ್ತಾರೆ. ಬಿದ್ದರೂ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಾರೆ.

ಗುರುತು ಹಾಕಿದ ಜಾಗಗಳು ಎಂಟು, ಸುತ್ತು ಎರಡು. ಪ್ರತಿ ಜಾಗದಲ್ಲೂ ಕಾರ್ಡು ಪೆನ್ಸಿಲು ಹಿಡಿದ ಒಬ್ಬ ವೀಕ್ಷಕ ಇರುತ್ತಾನೆ, ಅವನ ಮಾತೇ ಕೊನೆ. ಸವಾರರು ಗಾಡಿ ಬಿಡುವ ಮುಂಚೆ ಆ ಜಾಗವನ್ನು ನಡೆದು ನೋಡಬಹುದು. ಎಲ್ಲರೂ ಮಂಡಿಯುದ್ದದ ಬೂಟು ಹಾಕಿಕೊಂಡು ನಡೆದರು. ಸಿದ್ದೇಗೌಡ ಮಾತ್ರ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಬರಿಗಾಲಿನಲ್ಲಿ ಆ ಕೊರೆಯುವ ನೀರಿಗಿಳಿದು, ಯಾವ ಕಲ್ಲು ಅಲ್ಲಾಡುತ್ತದೆ, ಯಾವುದು ಜಾರುತ್ತದೆ ಎಂದು ಅಂಗಾಲಿನಿಂದ ತಡವಿ ನೋಡಿದ. ನಾಲ್ಕನೆಯ ಜಾಗದ ಹೊತ್ತಿಗೆ ಅವನನ್ನು ನೋಡಲೆಂದೇ ಒಂದು ಗುಂಪು ಹಿಂದೆ ಬರತೊಡಗಿತು. ಅವರೂ ಏನೂ ಮಾತಾಡಲಿಲ್ಲ.

ಹಳೆಯ ಗಾಡಿಗಳು ಆರು ಹೊರಟಿದ್ದವು. ಮೊದಲ ಸುತ್ತಿನಲ್ಲೇ ಎರಡು ಕೆಟ್ಟು ನಿಂತವು. ಎರಡನೆಯ ಸುತ್ತಿನ ನಡುವೆ ಇನ್ನೂ ಮೂರರ ತಪ್ಪು ಮೂವತ್ತು ದಾಟಿತು. ಉಳಿದದ್ದು ವಾಲ್ಟರನದು ಒಂದೇ. ಕೊನೆಯ ಜಾಗಕ್ಕೆ ಬರುವ ಹೊತ್ತಿಗೆ ಸಿದ್ದೇಗೌಡನ ತಪ್ಪು ಇಪ್ಪತ್ತೇಳು. ಕಾಲೂರಿಕೊಂಡು ಹೋದರೂ ಮೂವತ್ತು, ಹಳೆಯ ಗಾಡಿಗಳ ಗುಂಪು ಉಳಿಯುತ್ತದೆ. ನಿಂತರೆ ಮೂವತ್ತೆರಡು, ಗುಂಪು ಹೋಯಿತು. ವಾಲ್ಟರ್ ಕಲ್ಲುಗೋಡೆಯ ಆಚೆ ನಿಂತಿದ್ದ. ಕೈಯಲ್ಲಿ ಟೋಪಿ ಹಿಡಿದು ಅದನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದ. ನಾನೂ ಇಷ್ಟು ಹೊತ್ತು ದೂರದವನ ಹಾಗೆ ನೋಡುತ್ತಿದ್ದವನು, ಅಲ್ಲಿ ಗೋಡೆಗೆ ಆತು ಕತ್ತು ಚಾಚಿ ನಿಂತಿದ್ದೆ ಎಂದು ಒಪ್ಪಿಕೊಳ್ಳಬೇಕು.

ಆ ಕೊನೆಯ ಜಾಗ ನೋಡಿದರೆ ಯಾರಿಗಾದರೂ ನಮ್ಮ ಗದ್ದೆಬಯಲು ನೆನಪಾಗುತ್ತಿತ್ತು. ಒಂದು ಕಡೆ ತೊರೆ, ಇನ್ನೊಂದು ಕಡೆ ಕಲ್ಲುಗೋಡೆ, ನಡುವೆ ಹುಲ್ಲು ಬೆಳೆದ ಕಿರಿದಾದ ಏರಿ. ಸಿದ್ದೇಗೌಡ ಲಿವರು ಹಿಂದಕ್ಕೆಳೆದು, ನಿಂತುಕೊಂಡೇ, ಮನೆಗೆ ಹೋಗುವವನ ಹಾಗೆ ಏರಿ ಹತ್ತಿದ. ಅರ್ಧ ದಾರಿ ಕಳೆದಿತ್ತು. ಆಗ ಮೇಲಿನ ತಿರುವಿನಲ್ಲಿ ಒಬ್ಬ ಮುದುಕಿ ಕಾಣಿಸಿದರು. ರಬ್ಬರ್ ಬೂಟು, ಗಂಡಸರ ಕೋಟು, ಎರಡು ಕೈಯಲ್ಲೂ ಕುರಿಗಳ ಮೇವು ತುಂಬಿದ ಬಕೆಟ್ಟು. ಆ ಜಮೀನಿನ ಒಡತಿ ಮಿಸೆಸ್ ಡಾಸನ್. ವೀಕ್ಷಕ ಸೀಟಿ ಊದಿ ಕೈ ಬೀಸಿದ. ಆಕೆ ಕೇಳಿಸದವರ ಹಾಗೆ ಇಳಿದು ಬರುತ್ತಲೇ ಇದ್ದರು.

ನಮ್ಮ ಕಡೆ ಬದುವಿನ ಮೇಲೆ ಹೊರೆ ಹೊತ್ತವರು ಎದುರಾದರೆ ಗಾಡಿಯವನೇ ಇಳಿಯಬೇಕು. ಅದನ್ನು ಯಾರೂ ಬರೆದಿಟ್ಟಿಲ್ಲ. ಹೊರೆ ಹೊತ್ತವರಿಗೆ ಪಕ್ಕಕ್ಕೆ ಸರಿಯಲು ಕಷ್ಟ, ಅಷ್ಟೆ. ಸಿದ್ದೇಗೌಡ ಒಂದು ಗಳಿಗೆಯೂ ಯೋಚಿಸಲಿಲ್ಲ. ಗಾಡಿ ನಿಲ್ಲಿಸಿದ. ಇಳಿದ. ಗಾಡಿಯನ್ನೂ ಎಳೆದುಕೊಂಡು ತೊರೆಗಿಳಿದು, ಮಂಡಿಯುದ್ದದ ನೀರಿನಲ್ಲಿ ನಿಂತು, "ನೀವ್ ಬನ್ನಿ ಕಣಮ್ಮ, ಬನ್ನಿ" ಎಂದ. ಮುದುಕಿ ಅವನನ್ನೇ ನೋಡುತ್ತ ದಾಟಿ ಹೋದರು. ವೀಕ್ಷಕ ಐದು ಬೆರಳು ಎತ್ತಿ ತೋರಿಸಿದ.

ವಾಲ್ಟರ್ ಗೋಡೆಯ ಕಲ್ಲಿನ ಮೇಲೆ ಎರಡೂ ಕೈಯಿಟ್ಟು ತಲೆ ತಗ್ಗಿಸಿದ. ಗೌಡನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಷ್ಟರಲ್ಲಿ ವೀಕ್ಷಕ ನಮ್ಮ ಕಡೆ ಬಂದ. ಬಾಯಲ್ಲಿ ಪೈಪು, ನಿಧಾನದ ಮನುಷ್ಯ. ನಿಯಮದಲ್ಲಿ ಒಂದು ದಾರಿಯಿದೆ ಎಂದ. ಬೇರೆಯವರು ಅಡ್ಡ ಬಂದು ತೊಂದರೆಯಾಗಿದ್ದರೆ ಇನ್ನೊಮ್ಮೆ ಬಿಡಲು ಅವಕಾಶ ಕೊಡಬಹುದು. ಆದರೆ ಅಡ್ಡಿಯಾಯಿತೆಂದು ಸವಾರನೇ ಹೇಳಬೇಕು, ತಾನಾಗಿ ಬರೆದುಕೊಳ್ಳುವ ಹಾಗಿಲ್ಲ. "ಕೇಳಿ ನೋಡಿ. ಆಕೆ ಅಡ್ಡ ಬಂದಳೇ?"

ಸಿದ್ದೇಗೌಡನನ್ನು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಆಯಮ್ಮ ಎಲ್ಲಿ ಅಡ್ಡ ಬಂದ್ರು ಕಣ್ಲಾ? ಅವ್ರ್ ವಲ, ಅವ್ರ್ ಏರಿ, ಕೈಯಾಗೆ ಒರೆ ಬ್ಯಾರೆ. ಅಡ್ಡ ಬಂದೋನು ನಾನು. ಅಂಗಂತ ಏಳು."

ನಾನು ವಾಲ್ಟರನನ್ನು ನೋಡಿದೆ. ಆಮೇಲೆ ವೀಕ್ಷಕನ ಕಡೆ ತಿರುಗಿ, ಸ್ವಚ್ಛವಾದ ಇಂಗ್ಲಿಷಿನಲ್ಲಿ, "ಹೌದು, ಆಕೆ ಅಡ್ಡ ಬಂದರೆಂದು ಹೇಳುತ್ತಿದ್ದಾನೆ" ಎಂದೆ.

ವೀಕ್ಷಕ ಬರೆದುಕೊಂಡ. ಗೌಡನಿಗೆ, "ಇನ್ನೊಂದು ಸಲ ಬಿಡಬೇಕಂತೆ" ಎಂದಷ್ಟೇ ಹೇಳಿದೆ.

"ಅದ್ಯಾಕೆ?"

"ಇಲ್ಲಿನ ಕಾನೂನು."

ಅವನು ಭುಜ ಕುಣಿಸಿ ಗಾಡಿಯನ್ನು ಕೆಳಕ್ಕೆ ತಳ್ಳಿಕೊಂಡು ಹೋದ. ಎರಡನೆಯ ಸಲ ಬಂದಾಗ ತುದಿಯ ಬಂಡೆಯ ಬಳಿ ಒಂದೇ ಒಂದು ಸಲ ಎಡಗಾಲು ತಾಗಿತು. ಇಪ್ಪತ್ತೆಂಟು. ಜನ ಚಹಾದ ಲೋಟಗಳನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ವಾಲ್ಟರ್ ಗೋಡೆ ಬಿಟ್ಟು, ಕೋಲನ್ನೂ ಬಿಟ್ಟು, ಕುಂಟುತ್ತ ಬಂದು ಗಾಡಿಯ ಬಿಸಿ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತ. ನಾನು ಮಾಡಿದ್ದು ಸರಿಯೆಂದೇ ನನಗೆ ಆಗ ಅನ್ನಿಸಿತು.

ಹಳ್ಳಿಯ ಸಭಾಮನೆ

ಸಂಜೆ ಎಲ್ಲರೂ ಹಳ್ಳಿಯ ಸಭಾಮನೆಯಲ್ಲಿ ಸೇರಿದರು. ಕೇಕು, ಚಹಾ, ಒದ್ದೆ ಕೋಟುಗಳ ವಾಸನೆ. ಅಧ್ಯಕ್ಷ ಎದ್ದು ನಿಂತು, ಹಳೆಯ ಗಾಡಿಗಳ ಗುಂಪು ಮುಂದಿನ ವರ್ಷವೂ ಇರುತ್ತದೆ ಎಂದು ಸಾರಿದ. ವಾಲ್ಟರ್ ಕರ್ಚೀಫಿನಿಂದ ಮೂಗು ಒರೆಸಿದ, ಮತ್ತೆ ಮತ್ತೆ ಒರೆಸಿದ. ಅಧ್ಯಕ್ಷ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಿಸೆಸ್ ಡಾಸನ್ ಮತ್ತು ಅವರ ಬಕೆಟ್ಟುಗಳ ಮೇಲೆ ಏನೋ ಹೇಳಿದ. ದೂರದ ಇಂಡಿಯಾದಿಂದ ಬಂದ ಅತಿಥಿಯೂ ಆಕೆಯ ಮೇಲೆ ದೂರು ಕೊಡಬೇಕಾಯಿತು, ಇನ್ನು ಮುಂದೆ ಪಂದ್ಯದ ದಿನ ಆಕೆ ಮನೆಯೊಳಗಿರಬೇಕೆಂದು ಸಮಿತಿ ಕಾಗದ ಬರೆಯುತ್ತದೆ ಎಂದ. ಇಡೀ ಸಭೆ ನಕ್ಕಿತು.

"ಯಾಕ್ಲಾ ನಗ್ತಾವ್ರೆ?" ಎಂದ ಸಿದ್ದೇಗೌಡ.

"ಏನೋ ತಮಾಷೆ" ಎಂದೆ.

ಆಮೇಲೆ ವಾಲ್ಟರ್ ಬಂದು, ನೆನಪಿಗಿರಲಿ ಎಂದು, ಸಿದ್ದೇಗೌಡನ ಅಂಕದ ಕಾರ್ಡನ್ನು ಅವನ ಕೈಗಿಟ್ಟ. ಗೌಡನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ತನ್ನ ಹೆಸರು ಓದಿ ಖುಷಿಪಟ್ಟ. ಕಾರ್ಡು ತಿರುಗಿಸಿದ. ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು.

"ಇದೇನ್ ಬರದವ್ರೆ, ಓದು."

ಇಪ್ಪತ್ತು ವರ್ಷ ಬೇರೆಯವರ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೆತ್ತ ಹಿಡಿದವನು ನಾನು. ಒಂದೇ ದಿನದಲ್ಲಿ ಮೂರು ಹೇಳಿಯಾಗಿತ್ತು. ನಾಲ್ಕನೆಯದಕ್ಕೆ ನಾಲಿಗೆ ಏಳಲಿಲ್ಲ. ಓದಿದೆ: ಮಿಸೆಸ್ ಡಾಸನ್ ಅಡ್ಡ ಬಂದರೆಂದು ಸವಾರ ದೂರಿದ್ದರಿಂದ ಮರುಸವಾರಿ ಕೊಡಲಾಗಿದೆ.

ಸಿದ್ದೇಗೌಡ ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ, ಮಿಡ್ಲ್‌ಸ್ಕೂಲಿನಿಂದ ಈಚೆಗೆ ಮೊದಲ ಸಲ, ನನ್ನನ್ನು ಬಹುವಚನದಲ್ಲಿ ಕರೆದ.

"ನಾನ್ ದೂರ್ ಕೊಟ್ನಾ ಮೇಷ್ಟ್ರೇ?"

ನಾನು ವಾಲ್ಟರನ ಕಡೆ ಕೈ ತೋರಿಸಿದೆ. ಅವನಿಗಾಗಿ ಹೇಳಿದೆ, ಇಲ್ಲದಿದ್ದರೆ ಇವತ್ತಿಗೆ ಅವನ ಗಾಡಿ ಗುಜರಿಯ ಪಾಲಾಗುತ್ತಿತ್ತು ಎಂದೆ. ಗೌಡ ಆ ಮುದುಕನನ್ನು ನೋಡಿದ. ವಾಲ್ಟರ್ ಒಬ್ಬರ ಹಿಂದೆ ಒಬ್ಬರಿಗೆ ಆ ಕೊನೆಯ ಏರಿಯ ಕಥೆ ಹೇಳುತ್ತಿದ್ದ.

"ವಾಲ್ಟ್ರಪ್ಪನ್ಗೆ ಏನೂ ಏಳ್ಬೇಡಿ. ಆ ಜೀವ ನೊಂದ್ಕತದೆ. ಆದ್ರೆ ಆಯಮ್ಮ ಏನ್ ಮಾಡಿದ್ರು? ಅವ್ರ್ ಏರಿ ಮ್ಯಾಲೆ ಅವ್ರ್ ಬಂದ್ರೆ ಇಷ್ಟ್ ಜನ ಕೂತ್ಕಂಡು ನಗಾದಾ? ಬೆಳಗ್ಗೆ ಓಗಾನ. ನಾನ್ ಏಳಿದ್ನ ಏಳಿದಂಗೆ ಅವ್ರಿಗೆ ನೀವ್ ಏಳ್ಬೇಕು."

ಮಿಸೆಸ್ ಡಾಸನ್ನರ ಬಾಗಿಲು

ಬೆಳಗ್ಗೆ ಮಳೆ ನಿಂತಿತ್ತು. ಎರಡು ಮೈಲಿ ನಡೆದೆವು. ದಾರಿಯುದ್ದಕ್ಕೂ ಗೌಡ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಕಲ್ಲಿನ ಮನೆ, ಕಟ್ಟಿಹಾಕದ ನಾಯಿ. ಸಿದ್ದೇಗೌಡ ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಈಚೆಗೇ ಬೂಟು ಬಿಚ್ಚಿ ಒದ್ದೆ ಕಲ್ಲಿನ ಮೇಲೆ ನಿಂತ. ಮಿಸೆಸ್ ಡಾಸನ್ ಬಾಗಿಲು ತೆಗೆದು ಮೊದಲು ಅವನ ಬರಿಗಾಲನ್ನು ನೋಡಿದರು.

"ಏಳಿ" ಎಂದ ಗೌಡ ನನಗೆ. "ನೆನ್ನೆ ನಾನು ನಿಮ್ಮ್ ಮ್ಯಾಲೆ ದೂರ್ ಕೊಡ್ಲಿಲ್ಲ ಕಣಮ್ಮ. ನನ್ ಜತೆ ಬಂದಿರೋ ಈ ಮೇಷ್ಟ್ರು ಸುಳ್ಳ್ ಏಳವ್ರೆ. ಅದ್ರಿಂದ ನಿಮ್ಮೆಸ್ರು ಕೆಟ್ಟೋಯ್ತು. ನನ್ ತೆಪ್ಪಾಯ್ತು."

ಇದಕ್ಕಿಂತ ಸುಲಭವಾದ ವಾಕ್ಯಗಳನ್ನು ನಾನು ಎಂಟನೆಯ ಕ್ಲಾಸಿನ ಮಕ್ಕಳಿಗೂ ಕೊಟ್ಟಿಲ್ಲ. ಆದರೂ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ತಡವರಿಸಿದೆ. ಅವಮಾನವಾಯಿತು, ಅದರಲ್ಲಿ ಮುಚ್ಚಿಡುವುದೇನಿದೆ.

ಮಿಸೆಸ್ ಡಾಸನ್ ನಾಯಿಯನ್ನು ಒಳಗೆ ಕಳಿಸಿದರು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗಲೆಂದೇ ಬಿಡಿಸಿ ಹೇಳಿದರು.

"ನೀನು ಹೇಳಿದ್ದು ಸುಳ್ಳಲ್ಲ. ನಾನು ಬೇಕೆಂದೇ ಅಡ್ಡ ಬಂದೆ. ಕುರಿಗಳ ಹತ್ತಿರ ಹೋಗಲು ನನಗೆ ಆ ಕಡೆಯ ಗೇಟಿದೆ. ದಿನವೂ ಅಲ್ಲಿಂದಲೇ ಹೋಗುತ್ತೇನೆ. ನನ್ನ ಗಂಡ ಇದ್ದಾಗ ಇವರು ಪ್ರತಿವರ್ಷ ಮನೆಗೆ ಬಂದು, ನಿಮ್ಮ ಜಮೀನಿನಲ್ಲಿ ಪಂದ್ಯ ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಿದ್ದರು. ಅವನು ಸತ್ತ ಮೇಲೆ ಕೇಳುವುದನ್ನೇ ಬಿಟ್ಟರು. ಅದಕ್ಕೇ ಅವರ ದಿನ ಮಾತ್ರ ಈ ದಾರಿಯಲ್ಲಿ ಬಕೆಟ್ಟು ಹಿಡಿದು ಬರುತ್ತೇನೆ. ಎಲ್ಲರೂ ಕೂಗಾಡುತ್ತಾರೆ. ಇಳಿದು ನೀರಿನಲ್ಲಿ ನಿಂತವನು ಇವನೊಬ್ಬನೇ."

ಖುಷಿ ತಡೆಯಲಾಗದೆ, ಒಂದು ಮಾತೂ ಬಿಡದೆ ಅಷ್ಟನ್ನೂ ಗೌಡನಿಗೆ ಹೇಳಿದೆ. ಬೇಕೆಂದೇ ಎಂಬ ಮಾತನ್ನು ಎರಡು ಸಲ ಹೇಳಿದೆ.

ಸಿದ್ದೇಗೌಡ ಕೇಳಿಕೊಂಡ. ಮಿಸೆಸ್ ಡಾಸನ್ನರ ಕಡೆ ನೋಡಿ, "ಕೇಳ್ದೆ ವಲಕ್ಕೆ ನುಗ್ಗಿದ್ರೆ ನಮ್ಮೂರಾಗೆ ಮುಳ್ ಕಡಿದು ಆಕ್ತಾರೆ. ನೀವ್ ಬಕೀಟ್ ಇಡ್ಕಂಡ್ ಬಂದಿದ್ದೀರಿ, ಮೇಲು" ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಬೇಕಂತ ಬಂದ್ರು ಅನ್ನಾದು ನಿಂಗೆ ನೆನ್ನೆ ಗೊತ್ತಿತ್ತಾ?"

"ಇಲ್ಲ" ಎಂದೆ.

"ಅಂಗಾರೆ ನೀನ್ ಏಳಿದ್ದು ಸುಳ್ಳೇ ಕಣ್ಲಾ."

ಮಿಸೆಸ್ ಡಾಸನ್ ನಮ್ಮಿಬ್ಬರ ಮುಖವನ್ನೂ ನೋಡಿ, ಅವನು ಏನು ಹೇಳಿದ ಎಂದು ನನ್ನನ್ನು ಕೇಳಿದರು.

ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.